ಹ್ಯಾವ್‌ಲಾಕ್‌ನಿಂದ ನೀಲ್‌ಗೆ

ಅಂಡಮಾನಿನಲ್ಲಿ ಸಮುದ್ರ ಹೇಳಿದಂತೆ ಕೇಳಬೇಕು, ಬೇರೆ ದಾರಿಯಿಲ್ಲ. ಗಾಳಿ ಜೋರಾಗಿ ನೀಲ್ ದ್ವೀಪಕ್ಕೆ ಹೋಗುವ ಬೋಟು ರದ್ದಾಯಿತು. ನಾನೂ ಗೆಳತಿಯೂ ಹ್ಯಾವ್‌ಲಾಕ್ ದ್ವೀಪದ ಜೆಟ್ಟಿಯಲ್ಲಿ ಬ್ಯಾಗಿಗೆ ಒರಗಿ ಕೂತೆವು, ಮೇಲಿಂದ ಮಳೆ ಬೇರೆ, ಬಟ್ಟೆಯೆಲ್ಲ ತೊಪ್ಪೆ. ಮರುದಿನ ಬೋಟು ಹೊರಟಿತು, ಆದರೆ ಅಲೆಗಳ ಹೊಡೆತಕ್ಕೆ ಅವಳಿಗೆ ವಾಂತಿಯೋ ವಾಂತಿ. ಪಕ್ಕದಲ್ಲಿದ್ದ ಬಂಗಾಳಿ ಅಜ್ಜಿಯೊಬ್ಬರು ಸೆರಗಿನ ಗಂಟು ಬಿಚ್ಚಿ ಶುಂಠಿ ಚೂರು ಕೊಟ್ಟು, ನೀಲ್ ಬರುವವರೆಗೂ ಅವಳ ಬೆನ್ನು ನೀವುತ್ತಲೇ ಇದ್ದರು. ಪೂರ್ವ ಬಂಗಾಳದಿಂದ ಬಂದು ನೆಲೆಸಿದ ಕುಟುಂಬಗಳು ಈ ಎರಡೂ ದ್ವೀಪಗಳಲ್ಲಿ ಜಾಸ್ತಿ. ಆ ಅಜ್ಜಿಯ ಕೈ ನಾನು ಮರೆಯುವುದಿಲ್ಲ.

ನೀಲ್‌ನಲ್ಲಿ (2018ರಿಂದ ಅದು ಶಹೀದ್ ದ್ವೀಪ) ನೀರು ಇಳಿದ ಹೊತ್ತಿಗೆ ಸರಿಯಾಗಿ ಪ್ರಕೃತಿಯೇ ಕಟ್ಟಿದ ಕಲ್ಲಿನ ಸೇತುವೆ ಹತ್ತಿರ ತಲುಪಿದೆವು. ಬಂಡೆಗಳ ನಡುವೆ ಪುಟ್ಟ ಹೊಂಡಗಳು. ಒಂದರಲ್ಲಿ ಉಗುರಿನಷ್ಟು ನೀಲಿ ಮೀನುಗಳು, ಮೂಲೆಯಲ್ಲಿ ಕಪ್ಪಗೆ ಮಲಗಿದ್ದ ಸಮುದ್ರ ಸೌತೆ ಎಂಬ ಜೀವಿ, ಬಂಡೆಗೆ ಅಂಟಿಕೊಂಡ ಚಿಪ್ಪೊಂದು ನಮ್ಮ ನೆರಳು ಬಿದ್ದ ಕೂಡಲೇ ಬಾಯಿ ಮುಚ್ಚಿಕೊಂಡಿತು. ಅವಳು ಸುಸ್ತೆಲ್ಲ ಮರೆತು ಅಲ್ಲೇ ಕುಕ್ಕರುಗಾಲಲ್ಲಿ ಕೂತಳು. ಬೋಟು ಹಿಂದಿನ ದಿನವೇ ಸಿಕ್ಕಿದ್ದರೆ ಈ ಇಳಿತದ ಹೊತ್ತು ನಮಗೆ ಸಿಗುತ್ತಿತ್ತೋ ಇಲ್ಲವೋ ಅಂತ ಈಗಲೂ ಸುಮ್ನೆ ಯೋಚಿಸುತ್ತೇನೆ.

ಹೋಗುವವರು ವಿಮಾನದ ಹಿಂದಿನ ದಿನ ಖಾಲಿ ಇಟ್ಟುಕೊಳ್ಳಿ. ಡಿಸೆಂಬರಿನಲ್ಲಿ ಸಂಜೆ 5ರ ಸುಮಾರಿಗೇ ಸೂರ್ಯ ಮುಳುಗುತ್ತಾನೆ, ಬೆಳಗ್ಗೆ ಬೇಗ ಹೊರಡಿ. ಹವಳದ ಚೂರನ್ನು ಮಾತ್ರ ಮುಟ್ಟಬೇಡಿ, ತರಬೇಡಿ.