ಗಂಟಿಗೆ ಸಿಕ್ಕ ಮೊಳೆ

ಯಾತ್ರೆಯ ಏಳನೆಯ ದಿನ ಮಧ್ಯಾಹ್ನದ ಮೇಲೆ ಬಿಡುವು ಕೊಟ್ಟಿದ್ದರು. ತಂಡದವರೆಲ್ಲ ಜಪಸರ, ಆಲಿವ್ ಮರದ ಶಿಲುಬೆ ಕೊಳ್ಳಲು ಜೆರುಸಲೇಮಿನ ಹಳೆ ಪೇಟೆಗೆ ಹೊರಟರು. ನಾನು ಮತ್ತು ಭಾವ ಬಸ್ಸು ಹತ್ತಿ ಇಸ್ರೇಲ್ ಮ್ಯೂಸಿಯಂ ಕಡೆ ಹೋದೆವು. ಭಾವ ಊರಲ್ಲಿ ಮರಗೆಲಸದ ಶೆಡ್ಡು ಇಟ್ಟುಕೊಂಡು 30 ವರ್ಷ ಆಯಿತು. ಅವರನ್ನು ಕರೆದುಕೊಂಡು ಹೋಗಲು ಅದೇ ಕಾರಣ. ನಾನು ನೋಡಬೇಕೆಂದಿದ್ದ ವಸ್ತು ಒಂದು ಮೊಳೆ, ರೋಮನ್ನರ ಕಾಲದಲ್ಲಿ ಒಬ್ಬನನ್ನು ಶಿಲುಬೆಗೇರಿಸುವಾಗ ಹೊಡೆದದ್ದು.

ಮ್ಯೂಸಿಯಂ ಅಂಗಳದಲ್ಲಿ ಹಳೆಯ ಜೆರುಸಲೇಮಿನ ದೊಡ್ಡ ಮಾದರಿ ಇದೆ. ಎರಡನೆಯ ದೇವಾಲಯ ಇದ್ದ ಕಾಲದ ಊರನ್ನು 50ರಲ್ಲಿ ಒಂದು ಭಾಗದ ಅಳತೆಯಲ್ಲಿ ಕಟ್ಟಿದ್ದಾರೆ. ಬಿಸಿಲು ಜಾಸ್ತಿ ಇತ್ತು, ಬೇಗ ಒಳಗೆ ಹೋದೆವು. ಯೇಸುವಿಗೆ ಶಿಲುಬೆಯ ಶಿಕ್ಷೆ ಕೊಟ್ಟ ರೋಮನ್ ಅಧಿಪತಿ ಪಿಲಾತನ ಹೆಸರು ಕೆತ್ತಿದ ಕಲ್ಲು ಅಲ್ಲೇ ಇದೆ. 1961ರಲ್ಲಿ ಕೈಸರೈಯದಲ್ಲಿ ಸಿಕ್ಕಿದ್ದು. ಆಗಿನ ಮಹಾಯಾಜಕ ಕಾಯಫನ ಹೆಸರಿರುವ ಮೂಳೆ ಪೆಟ್ಟಿಗೆಯೂ ಇದೆ. ಅದರ ಮೈತುಂಬ ಹೂವಿನ ಚಕ್ರಗಳು, ಎಷ್ಟು ಚೆಂದದ ಕೆತ್ತನೆ ಅಂತೀರಿ!

ನಾವು ಹುಡುಕಿಕೊಂಡು ಬಂದ ಪೆಟ್ಟಿಗೆಯ ಮೇಲೆ ಹೂವಿಲ್ಲ, ಬಳ್ಳಿಯಿಲ್ಲ. ಬರೀ ಸುಣ್ಣಕಲ್ಲು. ಮೇಲೆ ಗೀಚಿದ ಹಾಗೆ ಒಂದು ಹೆಸರು: ಯೆಹೋಹಾನಾನ್. ನಮ್ಮ ಬೈಬಲಿನಲ್ಲಿ ಯೋಹಾನ ಅನ್ನುತ್ತೇವಲ್ಲ, ಅದೇ ಹೆಸರು.

1968ರಲ್ಲಿ ಊರಿನ ಉತ್ತರಕ್ಕೆ, ಗಿವತ್ ಹಮಿವ್ತಾರ್ ಎಂಬಲ್ಲಿ, ಮನೆ ಕಟ್ಟಲು ನೆಲ ಅಗೆಯುವಾಗ ಹಳೆಯ ಸಮಾಧಿಗಳು ಕಂಡವು. ಪುರಾತತ್ವಜ್ಞ ವಾಸಿಲಿಯೋಸ್ ಝಾಫೆರಿಸ್ ಉತ್ಖನನ ಮಾಡಿದರು. ಆ ಕಾಲದ ಯೆಹೂದ್ಯರು ಹೆಣವನ್ನು ಮೊದಲು ಗುಹೆಯೊಳಗೆ ಮಲಗಿಸುತ್ತಿದ್ದರು. ಸುಮಾರು ಒಂದು ವರ್ಷ ಕಳೆದು ಮಾಂಸ ಕರಗಿದ ಮೇಲೆ ಮೂಳೆ ಆಯ್ದು ಇಂಥ ಪೆಟ್ಟಿಗೆಯಲ್ಲಿ ತುಂಬುತ್ತಿದ್ದರು. ಈ ಪೆಟ್ಟಿಗೆಯಲ್ಲಿ ಇಪ್ಪತ್ತರ ಹರೆಯದ ಒಬ್ಬ ಗಂಡಸಿನ ಮೂಳೆಗಳಿದ್ದವು. ಅವನ ಬಲ ಹಿಮ್ಮಡಿಯಲ್ಲಿ ಕಬ್ಬಿಣದ ಮೊಳೆ ಹಾಗೇ ಉಳಿದಿತ್ತು.

ಗಾಜಿನೊಳಗೆ ಆ ಹಿಮ್ಮಡಿ ನೋಡಿ ನಾನು ಮಾತಾಡಲಿಲ್ಲ. ಒಂದು ಮುಷ್ಟಿಯಷ್ಟು ಮೂಳೆ. ಮೊಳೆ ಪಕ್ಕದಿಂದ ನುಗ್ಗಿ ಆಚೆ ಬಂದಿದೆ. ತುದಿ ಕೊಕ್ಕೆಯ ಹಾಗೆ ಮಡಚಿದೆ.

"ಎಷ್ಟು ಉದ್ದವಂತೆ?" ಭಾವ ಕೇಳಿದರು.

"ಹನ್ನೊಂದೂವರೆ ಸೆಂಟಿಮೀಟರ್."

"ನಾಲ್ಕೂವರೆ ಇಂಚು." ಅವರು ಹೆಬ್ಬೆರಳಿನಿಂದ ಬೆರಳಳತೆ ಹಿಡಿದು ನೋಡಿದರು. "ಇಷ್ಟರಲ್ಲಿ ಎರಡು ಕಾಲು ಒಟ್ಟಿಗೆ ಹೊಡೆಯೋಕೆ ಆಗಲ್ಲಮ್ಮ. ಮರಕ್ಕೆ ಇಳಿಯೋಕೆ ಏನು ಉಳಿಯುತ್ತೆ?"

ನನಗೆ ಮೈ ಜುಮ್ಮೆಂದಿತು. ಮೂಳೆಗಳನ್ನು ಮೊದಲು ಪರೀಕ್ಷಿಸಿದ ಅಂಗರಚನಾ ತಜ್ಞ ನಿಕು ಹಾಸ್, ಒಂದೇ ಮೊಳೆ ಎರಡೂ ಹಿಮ್ಮಡಿಗಳನ್ನು ದಾಟಿತ್ತು ಅಂದಿದ್ದರು. 1985ರಲ್ಲಿ ಜೋ ಝಿಯಾಸ್ ಮತ್ತು ಎಲಿಯೆಝರ್ ಸೆಕೆಲೆಸ್ ಮತ್ತೆ ನೋಡಿ ಇಲ್ಲ ಎಂದರು. ಮೊಳೆ ಅಷ್ಟು ಉದ್ದವಿಲ್ಲ, ಅದರಲ್ಲಿರುವುದು ಒಂದೇ ಹಿಮ್ಮಡಿ. ಕಂಬದ ಆಚೆ ಈಚೆ ಒಂದೊಂದು ಕಾಲಿಟ್ಟು ಪಕ್ಕದಿಂದ ಹೊಡೆದಿರಬೇಕು. ಕೈಗಳಿಗೆ ಮೊಳೆ ಹೊಡೆದ ಗುರುತು ಅವರಿಗೆ ಸಿಗಲಿಲ್ಲ. ಹಗ್ಗದಿಂದ ಕಟ್ಟಿದ್ದಿರಬಹುದು.

ಮೊಳೆಯ ತಲೆಗೂ ಮೂಳೆಗೂ ನಡುವೆ ಆಲಿವ್ ಮರದ ಚೂರು ಸಿಕ್ಕಿತ್ತು. ಕಾಲು ಕಿತ್ತುಕೊಂಡು ಬರದಿರಲಿ ಎಂದು ವಾಷರ್ ಹಾಗೆ ಒಂದು ಸಣ್ಣ ಹಲಗೆ ಇಟ್ಟು ಹೊಡೆದಿದ್ದರು. ಅದನ್ನು ಹೇಳಿದಾಗ ಭಾವ ಮುಖ ತಿರುಗಿಸಿದರು. ಆಮೇಲೆ ಅಂದರು, "ತುದಿ ಮಡಚಿದ್ದು ಗಂಟಿಗೆ ಸಿಕ್ಕಿ. ಮರದ ಗಂಟಿಗೆ ಮೊಳೆ ಬಡಿದರೆ ಹೀಗೇ ಆಗೋದು. ಕೀಳೋಕೆ ಬರಲ್ಲ."

ವಿದ್ವಾಂಸರೂ ಹಾಗೇ ಹೇಳುತ್ತಾರೆ. ಕೀಳಲು ಆಗದೆ ಮೊಳೆಯ ಸಮೇತ ಹೂತರು. ಅದಕ್ಕೇ ಇದು ಉಳಿಯಿತು. ಇಲ್ಲವಾದರೆ ಇವನೂ ಲೆಕ್ಕಕ್ಕೆ ಸಿಗುತ್ತಿರಲಿಲ್ಲ. ಕ್ರಿಸ್ತಪೂರ್ವ 71ರಲ್ಲಿ, ರೋಮಿನ ವಿರುದ್ಧ ದಂಗೆಯೆದ್ದ ಗುಲಾಮ ಸ್ಪಾರ್ಟಕಸ್‌ನ ಕಡೆಯ 6000 ಜನರನ್ನು ಕಾಪುವಾ ಪಟ್ಟಣದಿಂದ ರೋಮಿನವರೆಗೆ ದಾರಿಯುದ್ದಕ್ಕೂ ಶಿಲುಬೆಗೇರಿಸಿದರು ಎಂದು ಇತಿಹಾಸಕಾರ ಅಪ್ಪಿಯನ್ ಬರೆದಿದ್ದಾನೆ. ಕ್ರಿಸ್ತಶಕ 70ರಲ್ಲಿ ರೋಮನ್ನರು ಮುತ್ತಿಗೆ ಹಾಕಿದಾಗ ಇದೇ ಜೆರುಸಲೇಮಿನ ಗೋಡೆಯ ಹೊರಗೆ ದಿನಕ್ಕೆ 500 ಜನ, ಕೆಲವು ದಿನ ಇನ್ನೂ ಜಾಸ್ತಿ ಎನ್ನುತ್ತಾನೆ ಆ ಕಾಲದ ಯೆಹೂದ್ಯ ಇತಿಹಾಸಕಾರ ಜೋಸೆಫಸ್. ಇಷ್ಟು ಜನರಲ್ಲಿ ನೆಲ ಹಿಂದಿರುಗಿಸಿದ್ದು ಬೆರಳೆಣಿಕೆಯಷ್ಟು. ಹಗ್ಗದಲ್ಲಿ ಕಟ್ಟಿದರೆ ಮೂಳೆಯಲ್ಲಿ ಗುರುತು ಉಳಿಯದು. ಕಂಬ ಗೆದ್ದಲಿಗೆ ಹೋಗುತ್ತದೆ. ಹೆಚ್ಚಿನ ಹೆಣಗಳಿಗೆ ಮಣ್ಣೇ ಸಿಗಲಿಲ್ಲ. ಕಬ್ಬಿಣಕ್ಕೆ ಬೆಲೆಯಿತ್ತು, ಮೊಳೆ ಕಿತ್ತು ಮತ್ತೆ ಬಳಸುತ್ತಿದ್ದರು. ಶಿಲುಬೆಯ ಮೊಳೆಯನ್ನು ರೋಗ ವಾಸಿಗೆಂದು ತಾಯಿತದ ಹಾಗೆ ಇಟ್ಟುಕೊಳ್ಳುತ್ತಿದ್ದರೆಂದು ಯೆಹೂದ್ಯರ ಧರ್ಮನಿಯಮಗಳ ಗ್ರಂಥ ಮಿಶ್ನಾದಲ್ಲೇ ಇದೆ.

ಆಮೇಲೆ ಸಿಕ್ಕವೂ ಹಿಮ್ಮಡಿಗಳೇ. ಇಟಲಿಯ ಗಾವೆಲ್ಲೋದಲ್ಲಿ 2007ರಲ್ಲಿ ತೂತಿರುವ ಒಂದು ಹಿಮ್ಮಡಿ, ಮೊಳೆಯಿಲ್ಲದೆ. ಇಂಗ್ಲೆಂಡಿನ ಫೆನ್‌ಸ್ಟಾಂಟನ್ ಹಳ್ಳಿಯಲ್ಲಿ 2017ರಲ್ಲಿ, ಮೊಳೆ ಅಡ್ಡಕ್ಕೆ ದಾಟಿದ ಬಲ ಹಿಮ್ಮಡಿ. ಆ ಸುದ್ದಿ ಹೊರಬಂದದ್ದು 2021ರಲ್ಲಿ.

ಆದರೆ ಈ ಪೆಟ್ಟಿಗೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೆ ವಿಷಯಕ್ಕೆ. ಇವನ ಮನೆಯವರು ಹೆಣ ಪಡೆದುಕೊಂಡಿದ್ದಾರೆ. ಒಂದು ವರ್ಷ ಕಾದಿದ್ದಾರೆ. ಮತ್ತೆ ಗುಹೆಗೆ ಹೋಗಿ ಒಂದೊಂದೇ ಮೂಳೆ ಆಯ್ದಿದ್ದಾರೆ. ಮೊಳೆಯಿದ್ದ ಹಿಮ್ಮಡಿ ಯಾರದೋ ಕೈಗೆ ಬಂದಿರಬೇಕು. ಅದನ್ನೂ ಬಿಡದೆ ಒಳಗಿಟ್ಟು ಹೆಸರು ಬರೆದಿದ್ದಾರೆ. ಪೆಟ್ಟಿಗೆಯ ಮುಂದೆ ನಿಂತು ನಾನು ಸುಮ್ನೆ ಕಣ್ಣೊರೆಸಿಕೊಂಡೆ.

ಮರುದಿನ ಬೆಳಿಗ್ಗೆ ದಮಸ್ಕ ಬಾಗಿಲಿನಿಂದ ಟ್ರಾಮ್ ಹಿಡಿದೆವು. ಗಿವತ್ ಹಮಿವ್ತಾರ್ ಹೆಸರಿನ ನಿಲ್ದಾಣವೇ ಇದೆ. ಇಳಿದು ನೋಡಿದರೆ ಸುತ್ತ ಮನೆಗಳು, ಕಾರುಗಳು, ಬಟ್ಟೆ ಒಣಹಾಕಿದ ಬಾಲ್ಕನಿಗಳು. ದಾರಿ ಬದಿಯಲ್ಲೊಂದು ಹಳೆ ಆಲಿವ್ ಮರ. ಭಾವ ಅದರ ಕಾಂಡದ ಮೇಲೆ ಅಂಗೈ ಆಡಿಸುತ್ತಾ ನಿಂತರು.

"ಎಲ್ಲಿ ಮುಟ್ಟಿದರೂ ಗಂಟೇ ಕಣಮ್ಮ" ಅಂದರು.