ಪಕ್ಕದವರ ಪೆನ್ಸಿಲ್ ಮುಟ್ಟಬಾರದು

ನಾನು ನಲಿ-ಕಲಿ ಶಿಕ್ಷಕಿ. ಸರ್ಕಾರಿ ಶಾಲೆಯ ಚಿಕ್ಕ ಮಕ್ಕಳಿಗೆ ಚಟುವಟಿಕೆಗಳ ಮೂಲಕ ಕಲಿಸುವ ಪದ್ಧತಿ ಇದು. ಒಂದರಿಂದ ಮೂರನೆಯ ತರಗತಿಯವರೆಗಿನ ಮಕ್ಕಳು ಒಂದೇ ಕೋಣೆಯಲ್ಲಿ ಐದು ತಟ್ಟೆಗಳಾಗಿ, ಅಂದರೆ ಗುಂಪುಗಳಾಗಿ, ಕೂರುತ್ತಾರೆ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ಈ ಪದ್ಧತಿಯಲ್ಲಿ ನನಗೆ ಹೆಚ್ಚು ಇಷ್ಟವಾದದ್ದು ಸಹಪಾಠಿಗಳ ಬೆಂಬಲಿತ ತಟ್ಟೆ. ಅಲ್ಲಿ ಮಕ್ಕಳೇ ಒಬ್ಬರಿಗೊಬ್ಬರು ಹೇಳಿಕೊಡುತ್ತಾರೆ. ಅಕ್ಷರ ಕಲಿಸಲೆಂದು ಮಾಡಿದ ಏರ್ಪಾಡು ಅದು. ಇನ್ನೊಬ್ಬರ ಕಷ್ಟ ಅರಿಯುವುದನ್ನೂ ನಾನು ಅಲ್ಲಿಯೇ ಕಲಿಸುತ್ತೇನೆ.

ನಮ್ಮದು ಯಾದಗಿರಿ ಕಡೆಯ ಹಳ್ಳಿ. ಹೊಲದ ಕೆಲಸ ಮುಗಿದರೆ ಹಲವರು ಗುಳೆ ಹೋಗುತ್ತಾರೆ, ಮಕ್ಕಳನ್ನೂ ಕರೆದುಕೊಂಡು. ಬೆಂಗಳೂರಿನ ಕಟ್ಟಡ ಕೆಲಸದ ಶೆಡ್ಡಿನಲ್ಲಿ ತಿಂಗಳುಗಟ್ಟಲೆ ಇದ್ದು ಬಂದ ಮಗುವಿನ ಬಗ್ಗೆ ಮೊದಲ ದಿನವೇ ದೂರು: "ಇವಳಿಗೆ ಒತ್ತಕ್ಷರವೇ ಬರುವುದಿಲ್ಲ ಟೀಚರ್!" ನಕ್ಕವರಿಂದ ಕ್ಷಮೆ ಕೇಳಿಸಿ ಪ್ರಯೋಜನವಿಲ್ಲ. 'ಸಾರಿ'ಯನ್ನು ಅವರು ಹಾಜರಿ ಕೂಗಿದಷ್ಟೇ ಸಲೀಸಾಗಿ ಹೇಳುತ್ತಾರೆ. ಬದಲಿಗೆ ಒಬ್ಬಳನ್ನು ಜೊತೆಗೆ ಕೂರಿಸುತ್ತೇನೆ.

ಕೂರಿಸಿದ ಮಾತ್ರಕ್ಕೆ ಮುಗಿಯುವುದಿಲ್ಲ. ಸಹಾಯಕ್ಕೆ ಬಂದ ಮಗು ಬಲು ಬೇಗ ಯಜಮಾನಿಕೆ ಶುರು ಮಾಡುತ್ತದೆ. ಪೆನ್ಸಿಲ್ ಕಿತ್ತುಕೊಂಡು ತಾನೇ ಬರೆದು "ಮುಗಿಯಿತು ಟೀಚರ್" ಎನ್ನುತ್ತದೆ. ಹಾಗಾಗಿ ಎರಡು ಕಟ್ಟುಪಾಡು: ಪಕ್ಕದವರ ಪೆನ್ಸಿಲ್ ಮುಟ್ಟಬಾರದು, "ಎಲ್ಲಿ ತಿಳಿಯಲಿಲ್ಲ?" ಎಂದು ಕೇಳದೆ ಹೇಳಿಕೊಡಬಾರದು. ಕೇಳುವುದೇ ಅವರಿಗೆ ಕಷ್ಟ. ದೊಡ್ಡವರಿಗೂ ಅಷ್ಟೇ, ಬಿಡಿ.

ಕಲಿಸುವ ಸರದಿ ಅತ್ತಲೂ ಹೋಗಬೇಕು. ಗುಳೆಯಿಂದ ಬಂದ ಹುಡುಗಿಯೊಬ್ಬಳು ಶೆಡ್ಡಿನ ನೆರೆಯವರಿಂದ ಹಿಂದಿ ಕಲಿತಿದ್ದಳು, ದಿನವಿಡೀ ತಮ್ಮನನ್ನು ನೋಡಿಕೊಂಡಿದ್ದಳು. ಇದು ತಿಳಿದ ಮೇಲೆ ಜೊತೆಗಾತಿಯ ಪ್ರಶ್ನೆಗಳೇ ಬದಲಾದವು: "ಅವನು ಅತ್ತರೆ ಏನು ಮಾಡುತ್ತಿದ್ದೆ?" "ನೀರು ಎಲ್ಲಿಂದ ತರುತ್ತಿದ್ದೆ?" ಇದನ್ನೆಲ್ಲ ಇಡೀ ತರಗತಿಯ ಮುಂದೆ ನಿಲ್ಲಿಸಿ ಹೇಳಿಸಬಾರದು. ಎಲ್ಲರೂ ಅಯ್ಯೋ ಪಾಪ ಎಂದರೆ ಮಗು ಮುದುಡುತ್ತದೆ.

ಪೋಷಕರ ಸಭೆಯಲ್ಲಿ ನನ್ನ ಕೋರಿಕೆ ಚಿಕ್ಕದು. ಸಂಜೆ "ಏನು ಓದಿಸಿದರು?" ಎನ್ನುವಾಗ "ಇವತ್ತು ಯಾರು ಬಂದಿರಲಿಲ್ಲ? ಯಾಕಂತೆ?" ಎಂದೂ ಕೇಳಿ. ಒಬ್ಬ ತಾಯಿ ಬಂದು ಗೊಣಗಿದರು: "ಯಾರು ಮೊಟ್ಟೆ ತಿಂದರು, ಯಾರು ಬಾಳೆಹಣ್ಣು ತೆಗೆದುಕೊಂಡರು, ಎಲ್ಲವನ್ನೂ ಒಪ್ಪಿಸುತ್ತಾನೆ ಟೀಚರ್, ತಲೆ ಚಿಟ್ಟು ಹಿಡಿಯುತ್ತದೆ." ಒಪ್ಪಿಸಲಿ ಬಿಡಿ ಎಂದೆ. ಅವನ ಜೊತೆಯ ಹುಡುಗನೊಬ್ಬ ಬೆಳಿಗ್ಗೆ ಏನೂ ತಿನ್ನದೆ ಶಾಲೆಗೆ ಬರುತ್ತಿದ್ದುದು ಅದೇ ವರದಿಯಿಂದ ನಮಗೆ ತಿಳಿಯಿತು. ಈಗ ಆ ಹುಡುಗನಿಗೆ ಸರ್ಕಾರದ ಕ್ಷೀರಭಾಗ್ಯ ಯೋಜನೆಯ ಹಾಲು ಪ್ರಾರ್ಥನೆಗೆ ಮುಂಚೆಯೇ ಸಿಗುತ್ತದೆ.