ಕಾರ್ಬನ್ ಹಲಗೆಯೊಳಗಿನ ಗಾಯ ಹುಡುಕುವ ಕೆಲಸ

ಅಲ್ಯೂಮಿನಿಯಂ ತಗಡಿಗೆ ಪೆಟ್ಟು ಬಿದ್ದರೆ ತಗ್ಗು ಕಾಣುತ್ತದೆ. ಕಾರ್ಬನ್ ಫೈಬರ್ ಹಾಗಲ್ಲ. ಮೆಕ್ಯಾನಿಕ್ ಕೈಯಿಂದ ಸ್ಪ್ಯಾನರ್ ಜಾರಿ ಬಿದ್ದರೂ ಮೇಲ್ಮೈ ಏನೂ ಆಗದ ಹಾಗೆ ನುಣ್ಣಗೇ ಇರಬಹುದು. ಒಳಗೆ ಪದರಗಳು ಬಿಟ್ಟುಕೊಂಡಿರುತ್ತವೆ. ನಾವು ಇದಕ್ಕೆ ಡಿಲ್ಯಾಮಿನೇಷನ್ ಅನ್ನುತ್ತೇವೆ. ನಮ್ಮ ಬೆಂಗಳೂರಲ್ಲೇ ತಯಾರಾಗುವ ತೇಜಸ್ ವಿಮಾನದ ಒಡಲಿನ ತೂಕದಲ್ಲಿ ಸುಮಾರು 45% ಇಂಥ ಕಾಂಪೋಸಿಟ್, ಅಂದರೆ ನಾರಿನ ಪದರಗಳನ್ನು ರೆಸಿನ್ ಎಂಬ ಅಂಟಿನಿಂದ ಕೂಡಿಸಿದ ವಸ್ತು. ಹಾಗಾಗಿ ಈ ಊರಲ್ಲಿ ನನ್ನಂಥವರಿಗೆ ಕೆಲಸಕ್ಕೆ ಬರವಿಲ್ಲ.

ನನ್ನದು ಅಲ್ಟ್ರಾಸಾನಿಕ್ ಟೆಸ್ಟಿಂಗ್, ಅಂದರೆ ಕಿವಿಗೆ ಕೇಳದಷ್ಟು ಕೀಚಲು ಶಬ್ದ ಒಳಗೆ ಕಳಿಸಿ, ಮರಳಿ ಬರುವ ಪ್ರತಿಧ್ವನಿಯಿಂದ (ಎಕೋ) ಗಾಯ ಪತ್ತೆ ಮಾಡುವುದು. ಜೆಲ್ ಹಚ್ಚು, ಪ್ರೋಬ್ ಇಡು, ಎಕೋ ನೋಡು, ಒರೆಸು, ಮುಂದೆ ಹೋಗು. ನಂಬಬಹುದಾದ ವಿಧಾನ, ಆದರೆ ಪ್ರೋಬ್ ಕೆಳಗೆ ಏನಿದೆಯೋ ಅಷ್ಟೇ ಗೊತ್ತಾಗುತ್ತದೆ. ಬಾಗಿದ ಕಡೆ, ಮೂಲೆಯಲ್ಲಿ ಪ್ರೋಬ್ ಸರಿಯಾಗಿ ಕೂರೋದೇ ಇಲ್ಲ.

ಈಗ ಲ್ಯಾಬಿನಲ್ಲಿ ಲೇಸರ್ ಸ್ಕ್ಯಾನಿಂಗ್ ಮಾಡುತ್ತಿದ್ದೇನೆ. ಲೇಸರಿನ ಒಂದೊಂದು ಪಲ್ಸ್ ಸುಮಾರು 10 ನ್ಯಾನೋಸೆಕೆಂಡ್, ಅಂದರೆ ಸೆಕೆಂಡಿನ ಹತ್ತು ಕೋಟಿಯಲ್ಲೊಂದು ಪಾಲು. ಬೆಳಕು ತಾಗಿದ ಚುಕ್ಕೆ ಥಟ್ಟನೆ ಬಿಸಿಯಾಗಿ ಹಿಗ್ಗುತ್ತದೆ. ಆ ಹಿಗ್ಗುವಿಕೆಯೇ ಅಲ್ಟ್ರಾಸಾನಿಕ್ ಅಲೆ ಹುಟ್ಟಿಸುತ್ತದೆ. ತೆಳು ಹಲಗೆಯಲ್ಲಿ ಇದು ಉದ್ದಕ್ಕೂ ಹರಿದು ಹೋಗುತ್ತದೆ. ಇಂಥ ಅಲೆಗಳ ಲೆಕ್ಕವನ್ನು ಹೊರೇಸ್ ಲ್ಯಾಂಬ್ 1917ರಲ್ಲೇ ಬರೆದಿಟ್ಟರು. ಅದಕ್ಕೇ ಇವು ಲ್ಯಾಂಬ್ ಅಲೆಗಳು.

ನನಗೆ ಇಷ್ಟವಾದ ಭಾಗ ಇನ್ನು ಮುಂದಿದೆ. ಹಲಗೆಯ ಒಂದು ಮೂಲೆಗೆ ಒಂದೇ ಒಂದು ಪೀಜೋ ಸೆನ್ಸರ್ (ಕಂಪನವನ್ನು ವಿದ್ಯುತ್ ಸಿಗ್ನಲ್ ಮಾಡುವ ಬಿಲ್ಲೆ) ಅಂಟಿಸುತ್ತೇವೆ. ಅದು ಅಲ್ಲಾಡಲ್ಲ. ಲೇಸರ್ ಚುಕ್ಕೆ ಮಾತ್ರ ಪುಟ್ಟ ಕನ್ನಡಿಗಳ ಸಹಾಯದಿಂದ ಸಾಲುಸಾಲಾಗಿ ಓಡಾಡುತ್ತದೆ. ಇಲ್ಲಿ ಹೊಡೆದು ಅಲ್ಲಿ ಕೇಳಿದರೂ, ಅಲ್ಲಿ ಹೊಡೆದು ಇಲ್ಲಿ ಕೇಳಿದರೂ ಸಿಗ್ನಲ್ ಒಂದೇ. ಹಾಗಾಗಿ ಎಲ್ಲ ಸಿಗ್ನಲ್ ಜೋಡಿಸಿ ಓಡಿಸಿದರೆ, ಸೆನ್ಸರ್‌ನಿಂದಲೇ ಅಲೆ ಹೊರಟು ಹಲಗೆ ತುಂಬ ಹರಡುವ ವಿಡಿಯೋ ಸಿಗುತ್ತದೆ! ನಿಜದಲ್ಲಿ ಆ ಸೆನ್ಸರ್ ಸುಮ್ನೆ ಕೂತು ಕೇಳಿಸಿಕೊಂಡಿರುತ್ತದೆ ಅಷ್ಟೇ.

ವಿಡಿಯೋದಲ್ಲಿ ಅಲೆಯ ಉಂಗುರ ಪೂರ್ತಿ ದುಂಡಗಿರಬೇಕಾಗಿಲ್ಲ. ನಾರು ಜಾಸ್ತಿ ಇರುವ ದಿಕ್ಕಿಗೆ ಎಳೆದುಕೊಂಡಿರುತ್ತದೆ. ಪದರ ಬಿಟ್ಟ ಜಾಗಕ್ಕೆ ಬಂದಾಗ ನೋಡಬೇಕು. ಅಲ್ಲಿ ಮೇಲಿನ ಪದರಗಳು ಬೇರೆಯಾಗಿ ತೆಳ್ಳಗಾಗಿರುತ್ತವೆ. ತೆಳು ಹಾಳೆಯಲ್ಲಿ ಬಾಗುವ ಅಲೆ ನಿಧಾನ. ಅಲೆಗಳು ಒತ್ತೊತ್ತಾಗುತ್ತವೆ, ಒಳಗೇ ಹಿಂದೆ ಮುಂದೆ ತಾಕಲಾಡುತ್ತವೆ. ಸಿಲ್ಕ್ ಬೋರ್ಡ್ ಜಂಕ್ಷನ್ ಹೊಕ್ಕ ಬಸ್ಸಿನ ಹಾಗೆ, ಬೇಗ ಹೊರಬರಲ್ಲ. ಸುತ್ತಲಿನ ಹಲಗೆ ಶಾಂತವಾದ ಮೇಲೂ ಆ ಜಾಗ ಮಿಣುಕುತ್ತಿರುತ್ತದೆ. ಎಕೋ ಓದಲು ಬಾರದವರಿಗೂ ಗಾಯ ಎಲ್ಲಿದೆ ಅಂತ ಕಾಣುತ್ತದೆ.

ಹಾಗಂತ ಇದು ಜಾದೂ ಅಲ್ಲ. 10 ಸೆಂಟಿಮೀಟರ್ ಚೌಕದಲ್ಲಿ 1 ಮಿಲಿಮೀಟರ್‌ಗೊಂದು ಚುಕ್ಕೆ ಅಂದರೂ 10,000 ಚುಕ್ಕೆ. ಸೆಕೆಂಡಿಗೆ 20 ಪಲ್ಸ್ ಕೊಡುವ ಲೇಸರಿಗೆ ಎಂಟು ನಿಮಿಷಕ್ಕಿಂತ ಜಾಸ್ತಿ ಬೇಕು. ವೇಗದ ಲೇಸರ್ ತಂದರೆ ಆಯ್ತಲ್ವಾ? ಒಂದು ಮಿತಿಯವರೆಗೆ ಸರಿ. ಹಿಂದಿನ ಅಲೆ ಅಡಗುವ ಮೊದಲೇ ಮುಂದಿನದು ಹುಟ್ಟಿದರೆ ಎರಡೂ ಕಲಸಿಹೋಗುತ್ತವೆ. ಶಕ್ತಿ ಏರಿಸಿದರೆ ರೆಸಿನ್ ಸುಡುತ್ತದೆ, ಇಳಿಸಿದರೆ ಸಿಗ್ನಲ್ ಗದ್ದಲದಲ್ಲಿ ಮುಳುಗುತ್ತದೆ. ಆಗ ಒಂದೇ ಚುಕ್ಕೆಗೆ ಮತ್ತೆ ಮತ್ತೆ ಹೊಡೆದು ಸರಾಸರಿ ತೆಗೆಯಬೇಕು, ಸಮಯ ಮತ್ತೆ ಬೆಳೆಯುತ್ತದೆ.

ಇನ್ನೊಂದು: ಈ ಲೇಸರಿನ 1064 ನ್ಯಾನೋಮೀಟರ್ ತರಂಗಾಂತರದ ಬೆಳಕು ಕಣ್ಣಿಗೆ ಕಾಣಲ್ಲ, ಆದರೆ ರೆಟಿನಾ ಸುಡುತ್ತದೆ. ಲೇಸರ್ ತಡೆಯುವ ಕನ್ನಡಕ ಹಾಕದವರಿಗೆ ಒಳಗೆ ಪ್ರವೇಶವಿಲ್ಲ. ವಾಚು, ಉಂಗುರ ಕೂಡ ಹೊರಗೇ ಬಿಡಬೇಕು, ಬೆಳಕು ಎಲ್ಲಿಂದ ಪ್ರತಿಫಲಿಸುತ್ತದೋ ಹೇಳಲಾಗದು. ವಿಮಾನ ನಿಲ್ಲಿಸುವ ಹ್ಯಾಂಗರಿನಲ್ಲಿ ಹತ್ತಾರು ಜನ ಓಡಾಡುವಾಗ ಈ ಶಿಸ್ತು ಸುಲಭವಲ್ಲ. ನನ್ನ ಪ್ರಕಾರ ಇದು ದೊಡ್ಡ, ಬಾಗಿದ ಭಾಗಗಳನ್ನು ಜರಡಿ ಹಿಡಿಯುವುದಕ್ಕೆ ಒಳ್ಳೆಯದು. ಅನುಮಾನದ ಜಾಗಕ್ಕೆ ಗುರುತು ಹಾಕಿದ ಮೇಲೆ ನಾನು ಮತ್ತೆ ಪ್ರೋಬ್ ಹಿಡಿಯುತ್ತೇನೆ. ರಿಪೇರಿಯವರು ಮೊದಲು ಕೇಳೋದು ಗಾಯ ಎಷ್ಟನೇ ಪದರದಲ್ಲಿದೆ ಅಂತ. ಆ ಆಳವನ್ನು ನನಗೆ ಇವತ್ತಿಗೂ ಎಕೋನೇ ಹೆಚ್ಚು ಖಚಿತವಾಗಿ ಹೇಳುತ್ತದೆ.